ಶುಕ್ರವಾರ ಮಾರದ ಷೇರು

"ಮಾರಿಬಿಡಿ ಸಾರ್. ನಷ್ಟಕ್ಕೇ ಮಾರಿ... ಹೂಂ, ಅಷ್ಟೂ."

ಗಾಜಿನ ಗೂಡಿನೊಳಗೆ ನಿಂತಿದ್ದವನು ಇಷ್ಟು ಹೇಳಿ ಫೋನ್ ಇಟ್ಟ. ಅರ್ಪಿತಳ ಮುಂದಿದ್ದ ಯಂತ್ರ ಕಿರ್ರೆಂದು ಬಿಲ್ಲಿನ ಚೀಟಿ ಹೊರಹಾಕಿತು. ಅದನ್ನು ಹರಿದು ಕೊಡುತ್ತಾ ಅವಳು ತಲೆಯೆತ್ತಿ ನೋಡಿದಳು.

ಅವನು ನಗುತ್ತಿದ್ದ!

ಹುಡುಗಿಗೆ ಮೈಯೆಲ್ಲ ಉರಿಯಿತು. ಶ್ರೀರಂಗಪಟ್ಟಣ ಬಸ್ ಸ್ಟಾಂಡಿನ ಎದುರಿನ ಈ ಎಸ್.ಟಿ.ಡಿ. ಬೂತಿಗೆ ಅವಳು ಕೆಲಸಕ್ಕೆ ಸೇರಿ ವರ್ಷವಾಗಿತ್ತು. ಸಾವಿನ ಸುದ್ದಿ ಕೇಳಿ ಗಾಜಿಗೆ ಹಣೆ ಹಚ್ಚಿ ಅತ್ತವರನ್ನು ನೋಡಿದ್ದಳು, ಮಗು ಹುಟ್ಟಿತೆಂದು ಕುಣಿದವರನ್ನೂ ನೋಡಿದ್ದಳು. ದುಡ್ಡು ಕಳೆದುಕೊಂಡು ನಗುವ ಗಂಡಸನ್ನು ಮಾತ್ರ ನೋಡಿರಲಿಲ್ಲ. ಕಿರಂಗೂರಿನಲ್ಲಿ ಅವಳಪ್ಪ ಹೊನ್ನಪ್ಪ, ಡೈರಿಯವರು ಹಾಲಿಗೆ ಎಂಟಾಣೆ ಕಮ್ಮಿ ಕೊಟ್ಟರೆ ಎರಡು ದಿನ ಮನೆಯವರ ಜೊತೆ ಮಾತು ಬಿಡುವ ಆಸಾಮಿ.

"ನಷ್ಟ ಅಂತೀರ, ನಗ್ತಾ ಇದೀರಲ್ಲ?" ಕೇಳಬಾರದಿತ್ತು, ಕೇಳಿಬಿಟ್ಟಳು.

"ಸಣ್ಣ ನಷ್ಟ ಕಣ್ರೀ. ಸಣ್ಣದ್ರಲ್ಲೇ ಮುಗೀತಲ್ಲ, ಅದಕ್ಕೆ ನಗು."

ಚಿಲ್ಲರೆ ಎಣಿಸಿಟ್ಟು ಹೋದ. ತಲೆ ಕೆಟ್ಟವನಿರಬೇಕು ಎಂದುಕೊಂಡಳು ಅರ್ಪಿತ. ಆದರೆ ಆ ನಗು ಸಂಜೆ ಸೈಕಲ್ ತುಳಿದುಕೊಂಡು ಊರಿಗೆ ಹೋಗುವಾಗಲೂ ಅವಳ ಜೊತೆಗೇ ಬಂತು.

ಅವನ ಹೆಸರು ರವೀಂದ್ರ. ನಾಗಮಂಗಲದ ಕಡೆಯವನು. ಪಾಂಡವಪುರದ ಒಂದು ಅಕ್ಕಿ ಗಿರಣಿಯಲ್ಲಿ ತೂಕ ಬರೆಯುವ ಗುಮಾಸ್ತ. ಗಂಜಾಂನಲ್ಲಿ ಒಂದು ರೂಮು ಮಾಡಿಕೊಂಡು ದಿನವೂ ಬಸ್ಸಿನಲ್ಲಿ ಓಡಾಡುತ್ತಿದ್ದ. ಇದೆಲ್ಲ ಮಾರನೇ ದಿನ ಬೆಳಿಗ್ಗೆ ಎಂಟೂವರೆಗೆ ಅವನೇ ಬಂದು ಹೇಳಿದ್ದು. ಷೇರು ಪೇಟೆ ನಡೆಯುವುದು ಮಧ್ಯಾಹ್ನದ ಕೆಲವೇ ಗಂಟೆ. ಆ ಹೊತ್ತಿನಲ್ಲಿ ಅವನು ಗಿರಣಿಯಲ್ಲಿರುತ್ತಾನೆ, ಗಿರಣಿಯ ಫೋನಿಗೆ ಯಜಮಾನರು ಬೀಗ ಹಾಕಿರುತ್ತಾರೆ. ನಿನ್ನೆ ಕರೆಂಟ್ ಇಲ್ಲದೆ ರಜೆ ಕೊಟ್ಟಿದ್ದರಿಂದ ಬಚಾವಾದ, ದಿನಾ ಹಾಗಾಗುವುದಿಲ್ಲ. ಆದ್ದರಿಂದ ಅವನ ಪರವಾಗಿ ಅವಳೇ ಮೈಸೂರಿನ ದಲ್ಲಾಳಿ ಆಫೀಸಿಗೆ ಫೋನ್ ಮಾಡಿ ರೇಟು ಕೇಳಬೇಕು.

ಜೇಬಿನಿಂದ ಒಂದು ಚೀಟಿ ತೆಗೆದು ಕೊಟ್ಟ. ಅದರಲ್ಲಿ ಒಂದು ಕಂಪನಿಯ ಹೆಸರು, ಕೆಳಗೆ ಮೂರು ಸಾಲು. ಯಾಕೆ ಕೊಂಡೆ. ಎಷ್ಟಕ್ಕೆ ಇಳಿದರೆ ಬಿಡಬೇಕು. ಬಿಟ್ಟರೆ ಎಷ್ಟು ಹೋಗುತ್ತದೆ.

"ಎರಡನೇ ಸಾಲಿನ ರೇಟಿಗಿಂತ ಕೆಳಕ್ಕೆ ಇಳೀತು ಅಂದ್ರೆ, ಮಾರಿ ಅಂತ ಹೇಳ್ಬಿಡಿ. ನನ್ನ ಕೇಳ್ಬೇಡಿ. ನಾನೇ ಎದುರಿಗೆ ನಿಂತು ಬೇಡ ಅಂದ್ರೂ ಕೇಳ್ಬೇಡಿ."

"ನಿಮ್ಮ ದುಡ್ಡು, ನಿಮ್ಮ ಮಾತೇ ಕೇಳ್ಬಾರ್ದಾ?"

"ಕೊಂಡ್ಕೊಂಡ ಮೇಲೆ ಮನುಷ್ಯನಿಗೆ ಆಸೆ ಹುಟ್ತದೆ. ಚೀಟಿ ಬರ್ದಿರೋದು ಆಸೆ ಹುಟ್ಟೋಕೆ ಮುಂಚೆ. ಅದ್ಕೆ ಚೀಟಿನೇ ಸರಿ."

ಬೂತಿನ ಮಾಲೀಕ ಪೀರ್ ಅಹಮದ್ ಸಾಹೇಬರು ಒಪ್ಪಿದರು. ಫೋನ್ ಮಾಡಿದಷ್ಟೂ ಅವರಿಗೆ ಲಾಭವೇ ತಾನೆ! ಬಿಲ್ಲಿನ ಚೀಟಿಗಳನ್ನು ಸೂಜಿಗೆ ಚುಚ್ಚಿಡುವುದು, ಶನಿವಾರ ಅವನು ಬಂದು ಎಲ್ಲದಕ್ಕೂ ದುಡ್ಡು ಕೊಟ್ಟು ಚೀಟಿ ಒಯ್ಯುವುದು ಎಂದಾಯಿತು.

ಮೊದಲ ಸಲ "ಮಾರಿ" ಎನ್ನುವ ಮುಂಚೆ ಅರ್ಪಿತ ಚೀಟಿಯನ್ನು ಮೂರು ಸಲ ಓದಿಕೊಂಡಿದ್ದಳು. ಸಂಜೆ ಅವನು ಬೈಯುತ್ತಾನೆಂದು ಕಾದು ಕುಳಿತಿದ್ದಳು. ಅವನು ಸರಿ ಎಂದು ತಲೆಯಾಡಿಸಿ, ಹುರಿದ ಕಡಲೇಕಾಯಿಯ ಪೊಟ್ಟಣವನ್ನು ಅವಳ ಮೇಜಿನ ಮೇಲಿಟ್ಟು ಹೋದ. ಎರಡು ವಾರದಲ್ಲಿ ಆ ಷೇರು ಅರ್ಧಕ್ಕೆ ಇಳಿಯಿತು. ಆಗ ಅವಳಿಗೆ ಆ ನಗು ಸ್ವಲ್ಪ ಅರ್ಥವಾಯಿತು.

ಆಮೇಲೆ ಅವಳೂ ಕಲಿತಳು. ಸಾಹೇಬರು ತರಿಸುತ್ತಿದ್ದ ಪೇಪರಿನಲ್ಲಿ ರೇಟು ನೋಡಿ ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಇಟ್ಟು ಗೆರೆ ಎಳೆಯುವುದು, ತಿಂಗಳುಗಟ್ಟಲೆ ಅಲ್ಲಾಡದೆ ಬಿದ್ದಿದ್ದ ಷೇರು ಇದ್ದಕ್ಕಿದ್ದಂತೆ ಜೋರು ವ್ಯಾಪಾರದ ಜೊತೆ ಮೇಲೆದ್ದರೆ ಅದಕ್ಕೆ ಗುರುತು ಹಾಕುವುದು. ಅವನು ಕೊಳ್ಳುತ್ತಿದ್ದುದು ಅಂಥದ್ದನ್ನೇ. ಎರಡು ವಾರ, ಹೆಚ್ಚೆಂದರೆ ಮೂರು ವಾರ ಇಟ್ಟುಕೊಂಡು ಮಾರುತ್ತಿದ್ದ. ಇದ್ದ ದುಡ್ಡನ್ನು ಐದು ಪಾಲು ಮಾಡಿ, ಒಂದು ಷೇರಿಗೆ ಒಂದೇ ಪಾಲು ಹಾಕುತ್ತಿದ್ದ.

ಒಮ್ಮೆ ಕೇಳಿದಳು, ಯಾಕೆ ಇಷ್ಟು ಹೆದರಿಕೆ ಎಂದು. ಅವನು ತನ್ನ ತೀರಿಹೋದ ಅಪ್ಪನ ವಿಷಯ ಹೇಳಿದ. ಕೊಳವೆಬಾವಿ ಕೊರೆಸುವಾಗ ಇನ್ನೂರು ಅಡಿಗೆ ನೀರು ಬರಲಿಲ್ಲವಂತೆ. ಇನ್ನೊಂದು ನೂರಡಿ, ಇನ್ನೊಂದು ನೂರಡಿ ಎನ್ನುತ್ತಾ ಆರುನೂರಕ್ಕೆ ಹೋದರಂತೆ. ಅಲ್ಲಿಯೂ ಬಂದದ್ದು ಬರೀ ಧೂಳು. ಹೇಳಿ ಮುಗಿಸಿದಾಗ ಅವನ ಮುಖದಲ್ಲಿ ಆ ನಗು ಇರಲಿಲ್ಲ. ಅವತ್ತು ಅರ್ಪಿತಳಿಗೆ ಅವನ ಕೈ ಹಿಡಿದುಕೊಳ್ಳಬೇಕೆನ್ನಿಸಿತು. ಹಿಡಿಯಲಿಲ್ಲ. ಗ್ರಾಫ್ ಹಾಳೆಯನ್ನು ಅವನ ಕಡೆ ಸರಿಸಿದಳು, ಅಷ್ಟೇ.

ಪ್ರೀತಿ ಎಂದು ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ. ಅವನು ಬರುವುದು ಐದು ನಿಮಿಷ ತಡವಾದರೆ ಅವಳು ಎರಡು ಸಲ ಬಾಗಿಲಿಗೆ ಬರುತ್ತಿದ್ದಳು. ಅವಳು ರಜೆ ಹಾಕಿದ ದಿನ ಅವನು ಚೀಟಿ ಕೊಡದೆ ವಾಪಸ್ ಹೋಗುತ್ತಿದ್ದ. ಪೀರ್ ಅಹಮದ್ ಸಾಹೇಬರು ಇದನ್ನೆಲ್ಲ ನೋಡಿಯೂ ನೋಡದ ಹಾಗೆ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಹೀಗೇ ನಡೆದಿದ್ದರೆ ಚೆನ್ನಾಗಿತ್ತು. ಆದರೆ ತೊಂಬತ್ತೈದರ ಆಷಾಢದಲ್ಲಿ ಕೆ.ಆರ್. ಪೇಟೆಯಿಂದ ಒಂದು ಸಂಬಂಧ ಬಂತು. ಹುಡುಗ ಟ್ರಾಕ್ಟರು ಬಿಡಿಭಾಗಗಳ ಅಂಗಡಿ ಇಟ್ಟವನು, ಎರಡಂತಸ್ತಿನ ಮನೆ. ಶ್ರಾವಣ ಕಳೆದು, ಗೌರಿ ಹಬ್ಬ ಮುಗಿಸಿಕೊಂಡು ಹೆಣ್ಣು ನೋಡಲು ಬರುತ್ತಾರೆಂದು ಹೊನ್ನಪ್ಪ ಖುಷಿಯಾಗಿ ಹೇಳಿದ. ಅರ್ಪಿತ ಅದನ್ನು ರವೀಂದ್ರನಿಗೆ ಹೇಳಿದ್ದು ಫೋನಿನ ಮೀಟರ್ ನೋಡಿಕೊಂಡು. ಅವನು ಬಸ್ ಬಂತೆಂದು ಹೊರಟುಹೋದ.

ಮೂರನೇ ದಿನ ಹೊಸ ಚೀಟಿ ತಂದ. ಸೈಕಲ್ ಚೈನು ಮಾಡುವ ಒಂದು ಕಂಪನಿ. ಎಂಬತ್ತನಾಲ್ಕು ರೂಪಾಯಿಗೆ ಕೊಂಡಿದ್ದ. ಎರಡನೇ ಸಾಲಿನಲ್ಲಿ ಎಪ್ಪತ್ತೇಳು ಎಂದಿತ್ತು. ಮೊದಲನೇ ಸಾಲಿನಲ್ಲಿ, ಯಾಕೆ ಕೊಂಡೆ ಎಂಬಲ್ಲಿ, ಒಂದೇ ಪದ ಬರೆದಿದ್ದ.

ತಾಳಿಗೆ.

ಅರ್ಪಿತಳ ಕಣ್ಣು ಆ ಪದ ಬಿಟ್ಟು ಕೆಳಕ್ಕೆ ಇಳಿಯಲೇ ಇಲ್ಲ. ತಲೆಯೆತ್ತುವಷ್ಟರಲ್ಲಿ ಅವನು ರಸ್ತೆ ದಾಟಿ ಬಸ್ ಹತ್ತಿದ್ದ. ಆ ದಿನ ಅವಳು ಎಷ್ಟೋ ಜನಕ್ಕೆ ಚಿಲ್ಲರೆ ತಪ್ಪಾಗಿ ಕೊಟ್ಟಳು.

ಷೇರು ತೊಂಬತ್ತರವರೆಗೆ ಏರಿತು. ಮತ್ತೆ ಎಂಬತ್ತಕ್ಕೆ ಬಂತು. ಅಷ್ಟರಲ್ಲಿ ವರಮಹಾಲಕ್ಷ್ಮಿ ಹಬ್ಬದ ಶುಕ್ರವಾರ ಬಂತು.

ಬೆಳಿಗ್ಗೆ ಮನೆಯಲ್ಲಿ ಕಳಸ ಇಟ್ಟು, ಹೊಸ ಬಳೆ ತೊಟ್ಟು ಬೂತಿಗೆ ಬಂದಿದ್ದಳು. ಫೋನಿಗೂ ಒಂದಿಷ್ಟು ಕುಂಕುಮ ಹಚ್ಚಿದ್ದಳು. ಮಧ್ಯಾಹ್ನ ಮೈಸೂರಿಗೆ ಹಚ್ಚಿದಾಗ ಎಪ್ಪತ್ತಾರು ಎಂದರು. ಮಾರಬೇಕಾ ಅಮ್ಮ ಎಂದು ದಲ್ಲಾಳಿ ಆಫೀಸಿನವರು ಕೇಳಿದರು.

ಅವಳ ಕಣ್ಣು ಫೋನಿಗೆ ಹಚ್ಚಿದ್ದ ಕುಂಕುಮದ ಮೇಲೆ ಬಿತ್ತು.

ಶುಕ್ರವಾರ ದೀಪ ಹಚ್ಚಿದ ಮೇಲೆ ಅವರ ಮನೆಯಿಂದ ಒಂದು ಲೋಟ ಹಾಲೂ ಆಚೆ ಹೋಗುತ್ತಿರಲಿಲ್ಲ. ಲಕ್ಷ್ಮಿಯನ್ನು ಹೊರಗೆ ಕಳಿಸಿದ ಹಾಗೆ ಎಂದು ಅವಳವ್ವ ಬದುಕಿದ್ದಷ್ಟು ದಿನ ಹೇಳುತ್ತಿದ್ದಳು. ಇದು ಬರೀ ಷೇರಲ್ಲ, ತಾಳಿ. ಇದು ಬರೀ ಶುಕ್ರವಾರವೂ ಅಲ್ಲ. ಮಾರಿ ಎಂದರೆ ಏನನ್ನು ಮಾರಿದ ಹಾಗೆ? ನಾಳೆ ಕೆಟ್ಟದ್ದೇನಾದರೂ ಆದರೆ?

ಐದು ನಿಮಿಷ ಬಿಟ್ಟು ಮಾಡುತ್ತೇನೆಂದು ಇಟ್ಟಳು. ಮತ್ತೆ ಮಾಡಿದಾಗ ಎಪ್ಪತ್ತೈದು. ಆಮೇಲೆ ಎಪ್ಪತ್ಮೂರು. ನಾಲ್ಕನೇ ಸಲ ಎಪ್ಪತ್ತೊಂದು, ಪೇಟೆ ಮುಚ್ಚಿತು. ನಾಲ್ಕು ಸಲವೂ ಅವಳು ಮಾರಿ ಎನ್ನಲಿಲ್ಲ. ಸೋಮವಾರ ಏರುತ್ತದೆ, ಅಮ್ಮನವರು ಕೈ ಬಿಡುವುದಿಲ್ಲ ಎಂದು ಸೆರಗಿನ ತುದಿ ಹಿಂಡುತ್ತಾ ಕುಳಿತಳು.

ಸಂಜೆ ಅವನು ಬಂದ.

"ಇವತ್ತು... ಲೈನ್ ಸಿಗಲಿಲ್ಲ."

ಸುಳ್ಳು ಹೇಗೆ ಬಂತೋ ಅವಳಿಗೇ ತಿಳಿಯಲಿಲ್ಲ. ಅವನು ಅವಳ ಹಣೆಯ ಕುಂಕುಮವನ್ನು, ಕೈಬಳೆಗಳನ್ನು ನೋಡಿ, ಹೋಗಲಿ ಬಿಡಿ ಎಂದು ಮೆಲ್ಲಗೆ ಹೇಳಿ ಹೊರಟ.

ಶನಿವಾರ ಅವಳು ರಜೆ ಹಾಕಿದ್ದಳು. ಸೋಮವಾರ ಬಂದು ನೋಡಿದರೆ ಸೂಜಿ ಖಾಲಿ. ರವೀಂದ್ರ ಬಂದಿದ್ದ, ಎಲ್ಲ ಚೀಟಿಗಳ ದುಡ್ಡು ಕೊಟ್ಟು ತೆಗೆದುಕೊಂಡು ಹೋದ ಎಂದರು ಸಾಹೇಬರು. ಆ ಚೀಟಿಗಳಲ್ಲಿ ಶುಕ್ರವಾರದ ನಾಲ್ಕೂ ಇದ್ದವು. ಮೈಸೂರಿನ ನಂಬರು, ಮಾತಾಡಿದ ಹೊತ್ತು, ಎಷ್ಟು ನಿಮಿಷ, ಎಲ್ಲ ಅಚ್ಚಾಗಿತ್ತು.

ಲೈನ್ ಸಿಗಲಿಲ್ಲ ಎಂದದ್ದು ಸುಳ್ಳೆಂದು ಅವನಿಗೆ ಗೊತ್ತಾಗಿಹೋಗಿತ್ತು.

ಅವತ್ತು ಅವನು ಬರಲಿಲ್ಲ. ಷೇರು ಐವತ್ತೆಂಟಕ್ಕೆ ಬಿದ್ದಿತ್ತು. ಈಗ ಮಾರಿ ಎಂದಳು, ಕೊಳ್ಳುವವರೇ ಇಲ್ಲ ಎಂದರು. ಮಂಗಳವಾರವೂ ಅದೇ ಉತ್ತರ. ಗುರುವಾರ ಫೋನ್ ಮಾಡಿದಾಗ, ರವೀಂದ್ರ ಖುದ್ದಾಗಿ ಬಂದು ನಲವತ್ತಾರಕ್ಕೆ ಮಾರಿ ಹೋದರು ಎಂದರು. ಮೈಸೂರಿಗೆ ಹೋಗುವ ಬಸ್ಸು ಈ ಬೂತಿನ ಮುಂದೆಯೇ ನಿಲ್ಲುತ್ತದೆ. ಅವನು ಇಳಿದಿರಲಿಲ್ಲ!

ಒಂದು ಸಂಜೆ ಪಾಂಡವಪುರದ ಬಸ್ಸಿನ ಕಿಟಕಿಯಲ್ಲಿ ಅವನ ಮುಖ ಕಂಡಿತು. ಅರ್ಪಿತ ಓಡಿ ಬಾಗಿಲಿಗೆ ಬಂದಳು. ಅವನು ಅವಳನ್ನು ನೋಡಿದ. ನೋಡಿ, ಮುಖ ಆಚೆ ತಿರುಗಿಸಿಕೊಂಡ.

ನನ್ನನ್ನೂ ಮಾರಿಬಿಟ್ಟರು ಎಂದುಕೊಂಡಳು. ಎಷ್ಟಕ್ಕೆ ಇಳಿದರೆ ಬಿಡಬೇಕು ಎಂದು ನನಗೂ ಒಂದು ಸಾಲು ಬರೆದಿಟ್ಟಿದ್ದರೇನೋ... ಸುಳ್ಳು ಹೇಳಿದ ದಿನ ನಾನು ಆ ರೇಟಿಗಿಂತ ಕೆಳಕ್ಕೆ ಇಳಿದೆ. ಬಿಟ್ಟರು. ಈಗ ಎಲ್ಲೋ ನಿಂತು ನಗುತ್ತಿರಬೇಕು, ಸಣ್ಣದರಲ್ಲೇ ಮುಗಿಯಿತು ಎಂದು.

ಆ ಯೋಚನೆ ಅವಳನ್ನು ದಿನವೂ ತಿಂದಿತು. ಊಟ ಸೇರುತ್ತಿರಲಿಲ್ಲ. ಗ್ರಾಫ್ ಹಾಳೆಗಳನ್ನು ಮಡಿಸಿ ಡ್ರಾಯರಿನ ತಳಕ್ಕೆ ಹಾಕಿದಳು. ಅವನು ಗಿರಣಿಯ ಕೆಲಸ ಬಿಟ್ಟು, ಗಂಜಾಂನ ರೂಮು ಖಾಲಿ ಮಾಡಿ ಊರಿಗೆ ಹೋದನೆಂದು ಯಾರೋ ಹೇಳಿದರು. ಕೆ.ಆರ್. ಪೇಟೆಯವರು ಮುಂದಿನ ಭಾನುವಾರ ಬರುವುದು ಗಟ್ಟಿಯಾಯಿತು. ಹೊನ್ನಪ್ಪ ಗೋಡೆಗೆ ಸುಣ್ಣ ಬಳಿಸಿದ. ಅವಳು ಎಲ್ಲದಕ್ಕೂ ಹೂಂ ಎಂದಳು.

ಕೊನೆಗೆ ಎಲ್ಲವನ್ನೂ ಹೇಳಿಕೊಂಡದ್ದು ಪೀರ್ ಅಹಮದ್ ಸಾಹೇಬರ ಹತ್ತಿರ. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು.

"ಬೇಟಿ, ಆ ಹುಡ್ಗ ಬಿಲ್ಲು ಕೊಡೋವಾಗ ನಾನು ಎದುರಿಗೇ ಇದ್ದೆ. ಆ ನಾಲ್ಕು ಚೀಟಿ ನೋಡಿ ಕೋಪ ಮಾಡ್ಕೊಂಡಿಲ್ಲ. ಕಣ್ಣಲ್ಲಿ ನೀರು ಹಾಕ್ಕೊಂಡ. ಕೋಪ ಬಂದೋನು ಚೀಟಿ ಬಿಸಾಕಿ ಹೋಗ್ತಾನೆ. ಇವ್ನು ಮಡಿಸಿ ಎದೆ ಜೇಬಲ್ಲಿ ಇಟ್ಕೊಂಡ."

ಬುಧವಾರ ಅವಳು ರಜೆ ಹಾಕಿ ನಾಗಮಂಗಲದ ಬಸ್ ಹತ್ತಿದಳು. ಪಾಂಡವಪುರದಲ್ಲಿ ಬಸ್ ನಿಂತಾಗ ಗಿರಣಿಯ ಕಡೆ ನೋಡಲು ಧೈರ್ಯವಾಗಲಿಲ್ಲ. ಸಿಕ್ಕರೆ ಏನು ಹೇಳುವುದು? ಹೋಗು ಎಂದರೆ? ಮುಂದಿನ ಸೀಟಿನ ಕಂಬಿ ಹಿಡಿದು ದಾರಿಯುದ್ದಕ್ಕೂ ಹಾಗೇ ಕುಳಿತಿದ್ದಳು.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಜಗಲಿಯ ಮೇಲೆ ರಾಗಿ ಕೇರುತ್ತಿದ್ದ ಹೆಂಗಸು, ಅವನ ತಾಯಿ ಮಾಯಮ್ಮ, ಇವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮೊರ ಕೆಳಗಿಟ್ಟಳು.

"ಪೋನಿನ ಉಡ್ಗಿ ನೀನೇಯೇನವ್ವ?"

ಅಷ್ಟಕ್ಕೇ ಅರ್ಪಿತಳಿಗೆ ಅಳು ಬಂತು. ಹಾಗಾದರೆ ಈ ಮನೆಯಲ್ಲಿ ನನ್ನ ಮಾತು ಬಂದಿದೆ!

ರವೀಂದ್ರ ಒಳಗಿನಿಂದ ಬಂದ. ಇಳಿದುಹೋಗಿದ್ದ. ಗಡ್ಡ ಬಿಟ್ಟಿದ್ದ. ಮಾಯಮ್ಮ ನೀರು ತರುವ ನೆಪದಲ್ಲಿ ಒಳಕ್ಕೆ ಹೋದಳು.

"ಲೈನ್ ಸಿಕ್ಕಿತ್ತು," ಎಂದಳು ಅರ್ಪಿತ. "ನಾಲ್ಕು ಸಲವೂ ಸಿಕ್ಕಿತ್ತು. ನಾನೇ ಮಾರ್ಲಿಲ್ಲ. ವರಮಾಲಕ್ಷ್ಮಿ ದಿವ್ಸ ತಾಳಿ ದುಡ್ಡನ್ನ ಮಾರಿ ಅನ್ನೋಕೆ ನಂಗೆ ಬಾಯಿ ಬರ್ಲಿಲ್ಲ. ಆಮೇಲೆ ಹೆದ್ರಿಕೆಯಾಗಿ ಸುಳ್ಳು ಹೇಳ್ದೆ."

"ಗೊತ್ತಿತ್ತು. ನಿಮ್ಮ ಬಳೆ, ಕುಂಕುಮ ನೋಡಿದಾಗ್ಲೇ ಅನುಮಾನ ಬಂತು. ಬಿಲ್ಲು ನೋಡಿ ಗಟ್ಟಿಯಾಯ್ತು."

"ಗೊತ್ತಿದ್ದೇ ಬಿಟ್ಟು ಬಂದ್ರಾ? ನಷ್ಟದ ಷೇರು ಬಿಟ್ಟಂಗೆ?"

ಅವನು ಹೊಡೆತ ತಿಂದವನ ಹಾಗೆ ಅವಳನ್ನೇ ನೋಡಿದ. ಇಷ್ಟು ದಿನ ಅವಳು ಹೀಗೆ ಯೋಚಿಸುತ್ತಿರಬಹುದೆಂದು ಪಾಪ ಅವನಿಗೆ ಹೊಳೆದೇ ಇರಲಿಲ್ಲ. ಲೆಕ್ಕ ಬಲ್ಲ ಗಂಡಸರಿಗೆ ಇಂಥದ್ದು ಬೇಗ ಹೊಳೆಯುವುದಿಲ್ಲ.

"ಆ ಚೀಟಿ ಇದೆಯಾ?"

ಇತ್ತು. ಪರ್ಸಿನಿಂದ ತೆಗೆದಳು. ಮಡಿಸಿ ಮಡಿಸಿ ಗೆರೆ ಬಿದ್ದಿತ್ತು.

"ಮೂರನೇ ಸಾಲು ಓದು," ಎಂದ. ಮೊದಲ ಸಲ ಏಕವಚನದಲ್ಲಿ ಕರೆದಿದ್ದ.

ಅವಳು ನೋಡಿದಳು. ಬಿಟ್ಟರೆ ಎಷ್ಟು ಹೋಗುತ್ತದೆ ಎಂಬಲ್ಲಿ ಏನೂ ಬರೆದಿರಲಿಲ್ಲ. ಇಷ್ಟು ದಿನ ಅವಳ ಕಣ್ಣು ಆ ಸಾಲಿಗೆ ಬಂದೇ ಇರಲಿಲ್ಲ.

"ಬರೆಯೋಕೆ ಧೈರ್ಯ ಇರ್ಲಿಲ್ಲ. ಐದೂ ಪಾಲು ಅದೊಂದಕ್ಕೇ ಹಾಕಿದ್ದೆ. ಕೆ.ಆರ್. ಪೇಟೆಯೋರು ಬರೋದ್ರೊಳಗೆ ದುಡ್ಡಾಗ್ಬೇಕಿತ್ತು. ಅದು ಏರೋ ಷೇರೇ ಅಲ್ಲ ಅರ್ಪಿತ. ಗ್ರಾಫ್ ಹಾಕಿದ್ರೆ ನೀನೇ ಬೇಡ ಅಂತಿದ್ದೆ. ಯಾಕೆ ಕೊಂಡೆ ಅನ್ನೋ ಕಡೆ ಷೇರಿನ ವಿಷ್ಯ ಬರೀಬೇಕು. ನಾನು ನನ್ನ ಆಸೆ ಬರ್ದೆ. ನಮ್ಮಪ್ಪ ಆರುನೂರು ಅಡಿಗೆ ಹೋದ್ರು. ನಾನೂ ಹೋದೆ."

"ಆದ್ರೆ ಆವತ್ತು ನಾನು ಮಾರಿದ್ದಿದ್ರೆ..."

"ನೀನು ಮಾರಿದ್ದಿದ್ರೆ ನಾನು ಅದೇ ದುಡ್ಡಲ್ಲಿ ಮಾರನೇ ವಾರ ಇನ್ನೊಂದು ಅಂಥದ್ದೇ ಕೊಳ್ತಿದ್ದೆ. ನಂಗೆ ಗೊತ್ತು." ಅವನ ದನಿ ಒಡೆಯಿತು. "ನಿಂಗೆ ಮುಖ ತೋರಿಸೋಕೆ ಆಗ್ಲಿಲ್ಲ. ತಾಳಿ ದುಡ್ಡು ಕಳ್ಕೊಂಡು ನಿಮ್ಮಪ್ಪನ ಮುಂದೆ ಹೆಂಗೆ ನಿಲ್ಲಲಿ? ಅದಕ್ಕೆ ಬಸ್ಸಲ್ಲಿ ಮುಖ ತಿರುಗಿಸ್ದೆ. ನಿನ್ನ ಬಿಟ್ಟಿದ್ದಲ್ಲ."

ಎದೆ ಜೇಬಿನಿಂದ ನಾಲ್ಕು ಬಿಲ್ಲಿನ ಚೀಟಿ ತೆಗೆದ. ಬೆವರಿಗೆ ಅಚ್ಚು ಮಾಸಿಹೋಗಿತ್ತು.

ಅರ್ಪಿತ ಅತ್ತಳು. ಅವನೂ ಅತ್ತ. ಮಾಯಮ್ಮ ತಂದ ನೀರಿನ ಚೊಂಬು ಇಬ್ಬರ ನಡುವೆ ಹಾಗೇ ಉಳಿಯಿತು.

"ಭಾನುವಾರ ಪೇಟೆಯೋರು ಬರ್ತಾರೆ," ಎಂದಳು ಕೊನೆಗೆ. "ಅದ್ರೊಳಗೆ ಬನ್ನಿ. ದುಡ್ಡಿಲ್ಲ ಅಂತಾನೇ ಬನ್ನಿ."

ಅವನು ಬಂದ. ಬಂದದ್ದು ಶುಕ್ರವಾರ ಸಂಜೆ, ಕಿರಂಗೂರಿನ ಆ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ. ಹೊನ್ನಪ್ಪ ಆಗ ತಾನೇ ಹಾಲು ಕರೆದು ಕೈ ತೊಳೆಯುತ್ತಿದ್ದ. ರವೀಂದ್ರ ನಿಂತುಕೊಂಡೇ ಎಲ್ಲ ಹೇಳಿದ. ತಾನು ಯಾರು, ಏನು ಕೆಲಸ ಬಿಟ್ಟೆ, ಎಷ್ಟು ದುಡ್ಡಿತ್ತು, ಎಷ್ಟು ಹೋಯಿತು, ಎಷ್ಟು ಉಳಿದಿದೆ. ಪಾಂಡವಪುರದ ಗಿರಣಿಯವರು ಮತ್ತೆ ಕೆಲಸಕ್ಕೆ ಕರೆದಿರುವುದನ್ನೂ ಹೇಳಿದ. ಅರ್ಪಿತ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು.

"ಅಷ್ಟು ದುಡ್ಡು ಓಗಿದ್ದು ಯಾರ ತಪ್ಪಯ್ಯ?" ಕೇಳಿದ ಹೊನ್ನಪ್ಪ.

"ನಂದೇ."

ಅರ್ಪಿತ ಹೊರಗೆ ಬಂದಳು. "ನಂದು ಕಣಪ್ಪ. ಮಾರು ಅಂತ ಅವ್ರು ಬರ್ದಿದ್ರು. ವರಮಾಲಕ್ಷ್ಮಿ ಅಬ್ಬದ ದಿವ್ಸ ಅಂತ ನಾನು ಮಾರ್ಲಿಲ್ಲ."

ಹೊನ್ನಪ್ಪ ಟವೆಲ್ಲಿನಿಂದ ಕೈ ಒರೆಸಿಕೊಂಡ. ಒರೆಸಿದ ಕೈಯನ್ನೇ ಮತ್ತೆ ಒರೆಸಿದ. ಮಗಳ ಮುಖ ನೋಡಿದ. ಒಂದು ತಿಂಗಳಿಂದ ಅವಳು ತಟ್ಟೆಯಲ್ಲಿ ಮುದ್ದೆ ಉಳಿಸಿ ಏಳುತ್ತಿದ್ದುದು ಈಗ ಅವನಿಗೆ ಅರ್ಥವಾಯಿತು.

"ನಾನಾಗಿದ್ರೂ ಮಾರ್ತಿರ್ಲಿಲ್ಲ ಬುಡು," ಎಂದ.

ಕೊಟ್ಟಿಗೆಯಲ್ಲಿ ಕರು ಹಾಲಿಗೆ ಹಗ್ಗ ಎಳೆದಾಡುತ್ತಿತ್ತು.

"ನೋಡಪ್ಪ, ಇವತ್ತು ಸುಕ್ರವಾರ. ದೀಪ ಅಚ್ಚಿದ ಮ್ಯಾಲೆ ಮನೆ ಮಗಳನ್ನ ಕಳಿಸೋ ಮಾತು ನಾನು ಆಡಾಕಿಲ್ಲ. ನಿಮ್ಮವ್ವನ್ನ ಕರ್ಕೊಂಡು ಭಾನುವಾರ ಬಾ."

"ಭಾನುವಾರ ಪೇಟೆಯವರು..."

"ಅವ್ರಿಗೆ ಬರಬ್ಯಾಡಿ ಅಂತ ನಾಳೆ ಏಳಿ ಕಳಿಸ್ತೀನಿ." ಹಾಗೆಂದು ಹೊನ್ನಪ್ಪ ಕರುವನ್ನು ಬಿಡಲು ಕೊಟ್ಟಿಗೆಗೆ ಹೋದ. ಹೋದವನು ಬೇಗ ಹೊರಗೆ ಬರಲಿಲ್ಲ.

ಅರ್ಪಿತ ಬೇಲಿಯ ಬಾಗಿಲವರೆಗೆ ಬಂದಳು. ಬಸ್ಸಿಗೆ ಹೊತ್ತಾಗಿತ್ತು. ಅವನು ಹೋಗಲಾರದೆ ನಿಂತಿದ್ದ.

"ಭಾನುವಾರ ಬಸ್ಸು ಸಿಗಲಿಲ್ಲ ಅಂತ ಸುಳ್ಳು ಹೇಳ್ಬೇಡಿ."

"ಸುಳ್ಳು ಹೇಳೋದು ನಿನ್ನ ಕೆಲ್ಸ. ನಂಗೆ ಬರಲ್ಲ."

ಅವಳು ತಲೆ ತಗ್ಗಿಸಿದಳು. ಅವನು ಅವಳ ಕೈ ಹಿಡಿದುಕೊಂಡ. ಆವತ್ತು ಗ್ರಾಫ್ ಹಾಳೆ ಸರಿಸಿದ ಕೈ ಅದು.

"ಉಳಿದಿರೋ ದುಡ್ಡಿಗೆ ತಾಳಿ ಸಣ್ಣದಾಗ್ತದೆ ಅರ್ಪಿತ."

"ಎಷ್ಟು ಸಣ್ಣದು?"

"ತುಂಬಾ ಸಣ್ಣದು."

"ಸಣ್ಣದ್ರಲ್ಲೇ ಮುಗೀತಲ್ಲ," ಎಂದಳು. ಕಣ್ಣು ಒರೆಸಿಕೊಂಡು ಅವನ ಮುಖ ನೋಡಿದಳು. "ನಗಿ ಮತ್ತೆ."